ನೆರೆ ಎಚ್ಚರಿಕೆಯ ಪದಗಳು: ಯಾವುದು ಕೇಳಿದಾಗ ಏನು ಮಾಡಬೇಕು?

ಹೊಳೆದಂಡಿ (ಪ್ರಶ್ನೆ)

ಚಿಕ್ಕೋಡಿ ತಾಲೂಕಿನ ಕೃಷ್ಣಾ ದಂಡಿ ಊರು ನಮ್ಮದು. ಮಳಿಗಾಲ ಹಿಡಿಯೋಕಿಂತ ಮೊದಲ ಪಂಚಾಯ್ತಿ ಗ್ವಾಡಿ ಮ್ಯಾಲ ಒಂದು ಫಲಕ ಬರಸೋಣ ಅಂತ ಯುವಕ ಸಂಘದಾಗ ಮಾತಾಗೇತಿ. ವಾಟ್ಸಾಪ್‌ನಾಗ ಆರೆಂಜ್ ಅಲರ್ಟ್, ಲಕ್ಷ ಕ್ಯೂಸೆಕ್, ಡೇಂಜರ್ ಲೆವೆಲ್ ಅಂತ ಪದ ಬರ್ತಾವ. ಅದನ್ನ ಓದಿ ಒಬ್ಬಾವ ಗಂಟುಮೂಟಿ ಕಟ್ಟತಾನ, ಇನ್ನೊಬ್ಬಾವ ಹಾಸಿಗಿ ಹಾಸಿ ಮಲಗತಾನ. ಯೂಟ್ಯೂಬ್ ನೋಡೋ ಹುಡುಗರು ‘ಬಗ್‌ಔಟ್ ಬ್ಯಾಗ್’, ‘ಶೆಲ್ಟರ್ ಇನ್ ಪ್ಲೇಸ್’ ಅಂತನೂ ಬರಸ್ರಿ ಅಂತಾರ. ಯಾವ ಪದದ ಹಿಂದ ಯಾವ ಅಂಕಿ ಐತಿ, ಅದು ಕೇಳಿದ ಮ್ಯಾಲ ಊರಾಗ ಏನು ನಡೀಬೇಕು? ಗೊತ್ತಿದ್ದವರು ಬಿಡಿಸಿ ಹೇಳ್ರಿ.

ಮಳೆಮಾಪಕ

ಗೊಂದಲ ಹೆಚ್ಚಿರುವುದು ಬಣ್ಣಗಳಲ್ಲೇ, ಅಲ್ಲಿಂದಲೇ ಶುರು ಮಾಡೋಣ. ಹವಾಮಾನ ಇಲಾಖೆಯ ಪಟ್ಟಿಯಲ್ಲಿ ಹಸಿರು ಅಂದರೆ ಎಚ್ಚರಿಕೆ ಇಲ್ಲ. ಹಳದಿ ಅಂದರೆ ಸುದ್ದಿ ಗಮನಿಸುತ್ತಿರಿ, ಆರೆಂಜ್ ಅಂದರೆ ಸಿದ್ಧರಾಗಿರಿ, ಕೆಂಪು ಅಂದರೆ ಕ್ರಮಕ್ಕೆ ಇಳಿಯಿರಿ. ಪತ್ರಿಕೆಗಳು ಬಣ್ಣವನ್ನು ನೇರವಾಗಿ ಮಿಲಿಮೀಟರ್‌ಗೆ ಗಂಟು ಹಾಕುತ್ತವೆ. ಇಲಾಖೆ ನೋಡುವುದು ಅಷ್ಟನ್ನೇ ಅಲ್ಲ, ಮಳೆ ಬೀಳುವ ಸಂಭವ ಎಷ್ಟು, ಬಿದ್ದರೆ ಆಗುವ ಪರಿಣಾಮ ಎಷ್ಟು ಎಂಬುದನ್ನೂ ಸೇರಿಸಿ ಬಣ್ಣ ಕೊಡುತ್ತದೆ. ಒಂದೇ ಪ್ರಮಾಣದ ಮಳೆಗೆ ಒಮ್ಮೆ ಹಳದಿ, ಒಮ್ಮೆ ಆರೆಂಜ್ ಬರುವುದು ಇದರಿಂದ.

ಮಳೆಯ ಪದಗಳಿಗೆ ಮಾತ್ರ ಗಟ್ಟಿ ಅಂಕಿ ಇದೆ. 24 ಗಂಟೆಯಲ್ಲಿ 64.5ರಿಂದ 115.5 ಮಿ.ಮೀ. ಬಿದ್ದರೆ ‘ಭಾರಿ’, 115.6ರಿಂದ 204.4 ಆದರೆ ‘ಅತಿ ಭಾರಿ’, ಅದಕ್ಕೂ ಮೇಲಾದರೆ ‘ಅತ್ಯಂತ ಭಾರಿ’. ಆ 24 ಗಂಟೆ ಬೆಳಿಗ್ಗೆ 8.30ರಿಂದ ಮರುದಿನ 8.30ರವರೆಗೆ. ಹಾಗಾಗಿ ‘ಇಂದು ದಾಖಲಾದ ಮಳೆ’ ಅಂತ ಓದುವುದು ಬಹುಪಾಲು ನಿನ್ನೆಯದು. ಇನ್ನೊಂದು, 120 ಮಿ.ಮೀ. ದಿನವಿಡೀ ಸುರಿದಿರಬಹುದು, ಮೂರೇ ಗಂಟೆಯಲ್ಲೂ ಬಿದ್ದಿರಬಹುದು. ಹಳ್ಳ ಉಕ್ಕುವುದು ಎರಡನೆಯದಕ್ಕೆ, ಆದರೆ ದಿನದ ಲೆಕ್ಕದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಅದಕ್ಕೇ ಮೂರು ಗಂಟೆಯ ಮುನ್ಸೂಚನೆ, ಅಂದರೆ ‘ನೌಕಾಸ್ಟ್’, ಬೇರೆ ಬರುತ್ತದೆ. ಸಿಡಿಲು, ಬಿರುಗಾಳಿ ವಿಷಯದಲ್ಲಿ ನಂಬಬೇಕಾದ್ದು ಅದನ್ನೇ.

‘ಅಲ್ಲಲ್ಲಿ’, ‘ವ್ಯಾಪಕ’ ಅನ್ನುವುದಕ್ಕೂ ಅಳತೆ ಉಂಟು. ಜಿಲ್ಲೆ ಅಥವಾ ವಿಭಾಗದ ಮಳೆಮಾಪನ ಕೇಂದ್ರಗಳಲ್ಲಿ ಕಾಲು ಭಾಗದೊಳಗೆ ಬಿದ್ದರೆ ಒಂದೆರಡು ಕಡೆ, 26ರಿಂದ 50 ಶೇಕಡಾ ಆದರೆ ಅಲ್ಲಲ್ಲಿ, 51ರಿಂದ 75 ಆದರೆ ಹಲವೆಡೆ, ಅದಕ್ಕೂ ಹೆಚ್ಚಾದರೆ ವ್ಯಾಪಕ.

ನಿಮ್ಮ ಊರಿಗೆ ಇವೆಲ್ಲಕ್ಕಿಂತ ಮುಖ್ಯವಾದ ಮಾತು ಬೇರೆ ಇದೆ. ಬೆಳಗಾವಿ ಜಿಲ್ಲೆಗೆ ಆರೆಂಜ್ ಬಂದರೆ ಅದು ಖಾನಾಪುರದ ಕಾಡಿನ ಮಳೆಗೆ ಬಂದಿರಬಹುದು. ಕಣಕುಂಬಿ ಸುತ್ತ ಸುರಿದದ್ದು ಮಲಪ್ರಭೆಗೆ ಹೋಗುತ್ತದೆ, ನಿಮ್ಮ ಕೃಷ್ಣೆಗಲ್ಲ. ನಿಮ್ಮೂರಿಗೆ ನೀರು ತರುವ ಮಳೆ ಬೀಳುವುದು ಸಾತಾರಾ, ಸಾಂಗ್ಲಿ, ಕೊಲ್ಹಾಪುರ ಜಿಲ್ಲೆಗಳ ಘಟ್ಟದಲ್ಲಿ. ನಿಮ್ಮಲ್ಲಿ ಬಿಸಿಲಿದ್ದು, ಬೆಳಗಾವಿಗೆ ಹಸಿರು ಇದ್ದು, ಆ ಜಿಲ್ಲೆಗಳಿಗೆ ಎರಡು ದಿನ ಸತತ ಕೆಂಪು ಬಂದರೆ ನೀವು ಎದ್ದು ಕೂರಬೇಕು. ಫಲಕದಲ್ಲಿ ಆ ಜಿಲ್ಲೆಗಳ ಹೆಸರು ಮೊದಲು ಬರಲಿ.

ಕ್ಯೂಸೆಕ್‌ಲೆಕ್ಕ

ಮಳೆಮಾಪಕ ಸರ್ ಹೇಳಿದ್ದರ ಮುಂದುವರಿಕೆ ಇದು ನೋಡ್ರಿ. ಬಣ್ಣ ಆಕಾಶದ ಸುದ್ದಿ, ಕ್ಯೂಸೆಕ್ ಹೊಳಿ ಸುದ್ದಿ.

ಒಂದು ಕ್ಯೂಸೆಕ್ ಅಂದ್ರ ಸೆಕೆಂಡಿಗೆ ಒಂದು ಘನ ಅಡಿ, ಹತ್ತಿರಹತ್ತಿರ 28.3 ಲೀಟರ್. ಒಂದು ಲಕ್ಷ ಕ್ಯೂಸೆಕ್ ಅಂದ್ರ ಪ್ರತಿ ಸೆಕೆಂಡಿಗೆ 10 ಸಾವಿರ ಲೀಟರಿನ 283 ಟ್ಯಾಂಕರ್ ನಿಮ್ಮ ಸೇತುವಿ ಕೆಳಗ ಖಾಲಿ ಆದಂಗ. ಟಿಎಂಸಿ ಅಂದ್ರ ನೂರು ಕೋಟಿ ಘನ ಅಡಿ, ಅದು ಸಂಗ್ರಹದ ಅಳತೆ. ಒಂದಕ್ಕೊಂದು ಕೂಡಿಸೋದು ಹಿಂಗ: ಒಂದು ಲಕ್ಷ ಕ್ಯೂಸೆಕ್ ಇಡೀ ದಿನ ಹರದ್ರ 8.64 ಟಿಎಂಸಿ ಆಗ್ತದ. ಡ್ಯಾಮಿನಾಗ ಇನ್ನ 5 ಟಿಎಂಸಿ ಜಾಗ ಐತಿ, ಒಳಹರಿವು ಒಂದು ಲಕ್ಷ ಐತಿ ಅಂದ್ರ ಒಂದು ದಿನದೊಳಗ ಗೇಟ್ ತಗೀತಾರ ಅಂತ ನೀವೇ ಲೆಕ್ಕ ಹಾಕಬಹುದು.

‘ಡ್ಯಾಮ್ ತುಂಬೈತಿ’ ಅನ್ನೋ ಸುದ್ದಿಗಿಂತ ಒಳಹರಿವು ಮತ್ತ ಹೊರಹರಿವಿನ ಅಂತರ ನೋಡ್ರಿ. ಪೂರ್ಣ ಮಟ್ಟ, ಅಂದ್ರ ಎಫ್‌ಆರ್‌ಎಲ್, ಮುಟ್ಟಿದ ಮ್ಯಾಲ ಬಂದಷ್ಟು ನೀರು ಬಿಡಬೇಕಾಗ್ತದ, ತಡಿಯೋ ಜಾಗ ಇರೂದಿಲ್ಲ. ಹಂಗಾಗಿ ಆಗಸ್ಟಿನ ಮಳಿ ಜೂನಿನ ಮಳಿಕಿಂತ ಲಗೂ ಪೂರ (ನೆರಿ) ತರ್ತದ. ಜೂನಿನಾಗ ಡ್ಯಾಮ್ ಖಾಲಿ ಇರ್ತದ, ಅಷ್ಟೇ.

ಇನ್ನ ಯಾವ ಜಾಗದ ಕ್ಯೂಸೆಕ್ ನೋಡಬೇಕು? ನಿಮ್ಮ ಕಡೆ ಸುದ್ದಿಯಾಗ ಮೂರು ಅಂಕಿ ಬರ್ತಾವ. ಕೃಷ್ಣಾದ ರಾಜಾಪುರ ಬ್ಯಾರೇಜಿನಿಂದ ಎಷ್ಟು, ದೂಧಗಂಗಾದಿಂದ ಎಷ್ಟು, ಎರಡೂ ಕೂಡಿ ಕಲ್ಲೋಳ ಹತ್ರ ಎಷ್ಟು. ನಿಮ್ಮ ಊರು ಕಲ್ಲೋಳಕ್ಕಿಂತ ಕೆಳಗ ಇದ್ರ ಮೂರನೇದು ನಿಮ್ಮ ಅಂಕಿ, ಮ್ಯಾಲ ಇದ್ರ ನಿಮ್ಮ ಹೊಳಿದಷ್ಟೇ ನೋಡ್ರಿ. ಕೊಯ್ನಾ ಡ್ಯಾಮಿನಿಂದ ಇಷ್ಟು ಬಿಟ್ರು ಅಂತ ಫಾರ್ವರ್ಡ್ ಬಂದ್ರ ಅದು ನಿಮ್ಮ ಮನಿ ಮುಂದ ಈಗ ಬರೋ ನೀರಲ್ಲ. ಕರಾಡದಾಗ ಕೃಷ್ಣಾ ಕೂಡಿ, ಸಾಂಗ್ಲಿ ದಾಟಿ ಬರಬೇಕು. ಆಲಮಟ್ಟಿ ಹೊರಹರಿವು ನಿಮ್ಮ ಕೆಳಗಿನವರ ಲೆಕ್ಕ, ಹಿಡಕಲ್ಲಿಂದು ಗೋಕಾಕ ಕಡೆಯವರ ಲೆಕ್ಕ. ಇವೆಲ್ಲ ಒಂದೇ ಮೆಸೇಜಿನಾಗ ಕಲಸಿ ಕಳಸ್ತಾರ, ಜನ ಅಂಜತಾರ.

ಮುಂಚೆ ತಿಳಕೊಳ್ಳಾಕ ಎರಡು ಜಾಗದ ಮಟ್ಟ ನೋಡ್ರಿ. ಸಾಂಗ್ಲಿಯ ಅಯರ್ವಿನ್ ಸೇತುವಿ ಹತ್ರ 40 ಅಡಿ ಎಚ್ಚರಿಕಿ ಮಟ್ಟ, 45 ಅಡಿ ಅಪಾಯದ ಮಟ್ಟ. ಕೊಲ್ಹಾಪುರದ ರಾಜಾರಾಮ ಬಂಧಾರಾ ಹತ್ರ ಪಂಚಗಂಗಾ ಹೊಳಿಗೆ 39 ಮತ್ತ 43 ಅಡಿ. ಸಾಂಗ್ಲಿ ಮಟ್ಟದಾಗ ವಾರಣಾ ಹೊಳಿ ನೀರು ಕಾಣೂದಿಲ್ಲ, ಅದು ಹರಿಪುರದ ಹತ್ರ, ಸಾಂಗ್ಲಿ ದಾಟಿದ ಮ್ಯಾಲ ಕೂಡ್ತದ. ಸಾಂಗ್ಲಿ ಇಳದೈತಿ ಅಂತ ಸುಮ್ಮಕುಂತವರಿಗೆ ವಾರಣಾ, ಪಂಚಗಂಗಾ ಕೈಕೊಡ್ತಾವ. ಪಂಚಗಂಗಾಕ್ಕ ನೀರು ಬಿಡೋ ರಾಧಾನಗರಿ ಡ್ಯಾಮಿಗೆ ತಾನೇ ತೆರ್ಕೊಳ್ಳೋ ಏಳು ಗೇಟು ಅದಾವ, ಒಂದೊಂದರಿಂದ 1,428 ಕ್ಯೂಸೆಕ್. ‘ನಾಕು ಗೇಟು ತೆರದಾವ’ ಅಂತ ಸುದ್ದಿ ಬಂದ್ರ ಗುಣಿಸಿ ನೋಡ್ರಿ, 6 ಸಾವಿರ ಕ್ಯೂಸೆಕ್ಕೂ ಆಗೂದಿಲ್ಲ. ಹೆಡ್‌ಲೈನ್ ಮಾತ್ರ ದೊಡ್ಡದು.

ಹೊಳೆದಂಡಿ

ಸರ್, ಜಲ ಆಯೋಗದವರೂ ಆರೆಂಜ್ ಅಂತಾರಲ್ಲ? ಅದೂ ಹವಾಮಾನದವರ ಆರೆಂಜೂ ಒಂದೇ ಏನ್ರಿ?

ಕ್ಯೂಸೆಕ್‌ಲೆಕ್ಕ

ಒಂದೇ ಅಲ್ರಿ, ಚಲೋ ಕೇಳಿದ್ರಿ. ಕೇಂದ್ರ ಜಲ ಆಯೋಗದ ಬಣ್ಣ ಹೊಳಿ ಮಟ್ಟಕ್ಕ. ಎಚ್ಚರಿಕಿ ಮಟ್ಟ ದಾಟಿ ಅಪಾಯದ ಮಟ್ಟದ ಕೆಳಗ ಇದ್ರ ಹಳದಿ. ಅಪಾಯದ ಮಟ್ಟ ಮುಟ್ಟಿದ್ರ ಆರೆಂಜ್. ಆ ಜಾಗದಾಗ ಹಿಂದ ದಾಖಲಾದ ಗರಿಷ್ಠ ಮಟ್ಟ, ಅಂದ್ರ ಎಚ್‌ಎಫ್‌ಎಲ್, ಮುಟ್ಟಿದ್ರ ಅಥವಾ ದಾಟಿದ್ರ ಕೆಂಪು. ಅಂದ್ರ ಹವಾಮಾನದ ಆರೆಂಜ್ ‘ತಯಾರಾಗ್ರಿ’ ಅಂತದ, ಜಲ ಆಯೋಗದ ಆರೆಂಜ್ ಬರೋ ಹೊತ್ತಿಗೆ ತಗ್ಗಿನ ಹೊಲ ಮುಳುಗಿರ್ತಾವ. ಫಲಕದಾಗ ಬರೇ ‘ಆರೆಂಜ್’ ಅಂತ ಬರೀಬ್ಯಾಡ್ರಿ. ‘ಮಳಿ ಆರೆಂಜ್’, ‘ಹೊಳಿ ಆರೆಂಜ್’ ಅಂತ ಬಿಡಿಸಿ ಬರೀರಿ.

ಎಚ್‌ಎಫ್‌ಎಲ್ ಬಗ್ಗೆ ಒಂದು ತಪ್ಪು ನಂಬಿಕಿ ಐತಿ: ಅದಕ್ಕಿಂತ ಮ್ಯಾಲ ಬರೂದೇ ಇಲ್ಲ ಅಂತ. ಅದು ಬರೇ ದಾಖಲೆ, ಮಿತಿ ಅಲ್ಲ. 2019ರ ಆಗಸ್ಟಿನಾಗ ‘ಹಳೇ ಪೂರದ ಗುರುತು’ ನಂಬಿ ಕುಂತವರಿಗೆ ಅದು ತಿಳೀತು.

ಮಳೆಮಾಪಕ

ಡೇಂಜರ್ ಲೆವೆಲ್ಲಿಗೂ ಅದೇ ಮಾತು ಅನ್ವಯ. ಅದು ಒಂದು ಮಾಪನ ಕೇಂದ್ರದ ಮಟ್ಟ, ನಿಮ್ಮ ಮನೆ ಹೊಸ್ತಿಲಿನದಲ್ಲ.

ಓವರ್ಸಿಯರ್

ಆ ಹೊಸ್ತಿಲಿನ ಮಟ್ಟವನ್ನು ಊರವರೇ ಮಾಡಿಕೊಳ್ಳಬಹುದು. ಒಂದು ಮಧ್ಯಾಹ್ನದ ಕೆಲಸ, ಸಾವಿರ ರೂಪಾಯಿಯೂ ಬೇಡ.

ಮೊದಲು ಊರಿಂದ ಹೊರಹೋಗುವ ರಸ್ತೆಯಲ್ಲಿ ಅತಿ ತಗ್ಗಿನ ಜಾಗ, ಸಾಮಾನ್ಯವಾಗಿ ಒಂದು ಮೋರಿ, ಹುಡುಕಿ. ಮನೆ ಮುಳುಗುವ ಮುಂಚೆ ರಸ್ತೆ ಮುಳುಗುತ್ತದೆ, ಹಾಗಾಗಿ ನಿಮ್ಮ ‘ಅಪಾಯದ ಮಟ್ಟ’ ಆ ಮೋರಿಯ ಮೇಲಿನ ಡಾಂಬರು. ಗೌಂಡಿಗಳು ಬಳಸುವ ಪಾರದರ್ಶಕ ಲೆವೆಲ್ ಪೈಪ್ ತಗೊಂಡು ಆ ಮಟ್ಟವನ್ನು ದಡಕ್ಕೆ ಹತ್ತಿರದ ಕಾಂಕ್ರೀಟ್ ಕಂಬಕ್ಕೋ ಸೇತುವೆಯ ಕಂಬಕ್ಕೋ ಸಾಗಿಸಿ ಗುರುತು ಹಾಕಿ. ಪೈಪಿನಲ್ಲಿ ಗಾಳಿಗುಳ್ಳೆ ಉಳಿದರೆ ಮಟ್ಟ ತಪ್ಪುತ್ತದೆ. ನೀರು ತುಂಬುವಾಗ ಒಂದು ತುದಿ ಬಕೆಟ್ಟಿನಲ್ಲಿ ಮುಳುಗಿಸಿ ಇನ್ನೊಂದು ತುದಿಯಿಂದ ಎಳೆಯಿರಿ, ಆಮೇಲೆ ಎರಡೂ ತುದಿ ಜೋಡಿಸಿ ಹಿಡಿದು ನೀರು ಸಮ ನಿಲ್ಲುತ್ತದೆಯೇ ನೋಡಿ. ದೂರ ಹೆಚ್ಚಿದ್ದರೆ ನಡುವೆ ಗೂಟ ಹೊಡೆದು ಹಂತಹಂತವಾಗಿ ಸಾಗಿಸಿ. ವಾಪಸ್ ಅಳೆದು ಬಂದಾಗ ಮೂಲ ಗುರುತಿಗೆ ಎರಡು ಮೂರು ಸೆಂ.ಮೀ. ಒಳಗೆ ತಾಳೆಯಾದರೆ ಸಾಕು.

ಆ ಗುರುತೇ ಸೊನ್ನೆ. ಅದರಿಂದ ಕೆಳಕ್ಕೆ 10 ಸೆಂ.ಮೀ.ಗೆ ಒಂದು ಕೆಂಪು, ಒಂದು ಬಿಳಿ ಪಟ್ಟಿ ಆಯಿಲ್ ಪೇಂಟಿನಲ್ಲಿ. ಮಾಮೂಲಿ ಮಾಪಕಗಳು ನದಿ ತಳದಿಂದ ಎಣಿಸುತ್ತವೆ. ನಿಮಗೆ ಬೇಕಾದ್ದು ರಸ್ತೆ ಮುಳುಗಲು ಇನ್ನೆಷ್ಟು ಬಾಕಿ ಅನ್ನುವುದು, ಅದಕ್ಕೇ ತಲೆಕೆಳಗು ಪಟ್ಟಿ. ಗಂಟೆಗೊಮ್ಮೆ ಓದಿ, ಹೊತ್ತಿನ ಸಮೇತ ಬರೆದಿಡಿ. ಗಂಟೆಗೆ 10 ಸೆಂ.ಮೀ. ಏರುತ್ತಿದ್ದು 60 ಸೆಂ.ಮೀ. ಬಾಕಿ ಇದ್ದರೆ ಲೆಕ್ಕಕ್ಕೆ ಆರು ತಾಸು. ಅದರಲ್ಲಿ ದನ, ವಯಸ್ಸಾದವರು, ಬಾಣಂತಿಯರನ್ನು ಸಾಗಿಸುವ ಹೊತ್ತು ಕಳೆದರೆ ಉಳಿಯುವುದು ಎರಡೋ ಮೂರೋ.

ಏರಿಕೆ ಒಂದೇ ವೇಗದಲ್ಲಿ ಇರುವುದಿಲ್ಲ. ಹೊಳೆ ದಡದೊಳಗೆ ಇರುವಾಗ ಬೇಗ ಏರುತ್ತದೆ. ದಡ ಮೀರಿ ಹೊಲಕ್ಕೆ ಹರಡಿದ ಮೇಲೆ ನಿಧಾನ ಆಗುತ್ತದೆ. ಆಗ ‘ಇಳಿಯೋಕೆ ಶುರುವಾಯ್ತು’ ಅಂತ ಜನ ತಪ್ಪು ತಿಳಿಯುತ್ತಾರೆ. ಅದು ಇಳಿತ ಅಲ್ಲ, ಅಗಲ ಆಗುತ್ತಿರುವುದು. ಎರಡು ಮೂರು ಮಳೆಗಾಲ ಈ ಓದಿನ ಪಕ್ಕದಲ್ಲೇ ಆ ಹೊತ್ತಿನ ಕಲ್ಲೋಳದ ಕ್ಯೂಸೆಕ್ ಬರೆಯುತ್ತ ಹೋದರೆ ‘ಇಷ್ಟು ಕ್ಯೂಸೆಕ್ಕಿಗೆ ನಮ್ಮ ಮೋರಿ ಮುಳುಗುತ್ತದೆ’ ಅನ್ನುವ ನಿಮ್ಮದೇ ಅಂಕಿ ಸಿಗುತ್ತದೆ. ಯಾವ ಇಲಾಖೆಯ ಹತ್ತಿರವೂ ಅದು ಇರುವುದಿಲ್ಲ.

ಮುಳುಗಿದ ರಸ್ತೆ ದಾಟುವ ವಿಚಾರ: ರಭಸದ ನೀರು 15 ಸೆಂ.ಮೀ. ಇದ್ದರೆ ನಿಂತ ಮನುಷ್ಯನನ್ನು ಕೆಡವಬಲ್ಲದು, 30 ಸೆಂ.ಮೀ. ಸಣ್ಣ ಕಾರನ್ನು ತೇಲಿಸಬಲ್ಲದು, 60 ಆದರೆ ಹೆಚ್ಚಿನ ವಾಹನಗಳನ್ನು ಒಯ್ಯುತ್ತದೆ. ಟ್ರ್ಯಾಕ್ಟರ್ ಎತ್ತರ ಇದೆ ಅನ್ನುವ ಧೈರ್ಯ ಬೇಡ, ನೀರಡಿ ರಸ್ತೆ ಕೊರೆದು ಹೋಗಿದ್ದರೆ ಮೇಲಿಂದ ಕಾಣುವುದಿಲ್ಲ.

ಕಾಳಜಿಕೇಂದ್ರ

ಬ್ಯಾಗಿನ ಬಗ್ಗೆ ಬರೀತೀನಿ. ಬಗ್‌ಔಟ್ ಬ್ಯಾಗ್, ಗೋ ಬ್ಯಾಗ್, 72 ಗಂಟೆ ಕಿಟ್, ಮೂರೂ ಹೆಚ್ಚುಕಡಿಮೆ ಒಂದೇ: ಹೊರಗಿನ ನೆರವು ಬರುವವರೆಗೆ ಮೂರು ದಿನ ಸುಧಾರಿಸಿಕೊಳ್ಳುವ ಸಾಮಾನು. ಅಮೆರಿಕದವರ ಪಟ್ಟಿಯಲ್ಲಿರೋ ಡೇರೆ, ಮೀನಿನ ಗಾಳ, ಬೆಂಕಿ ಹೊತ್ತಿಸೋ ಕಡ್ಡಿ ನಿಮಗೆ ಬೇಡ. ನೀವು ಹೋಗೋದು ಕಾಡಿಗಲ್ಲ, ಶಾಲೆಯಲ್ಲೋ ಸಮುದಾಯ ಭವನದಲ್ಲೋ ತೆರೆದಿರೋ ಕಾಳಜಿ ಕೇಂದ್ರಕ್ಕೆ.

ಪಟ್ಟಿಯನ್ನು ಅಕ್ಷರಶಃ ಹಿಡಿದರೆ ನೀರಿನಲ್ಲೇ ಎಡವುತ್ತೀರಿ. ಕುಡಿಯೋಕೆ, ಅಡುಗೆಗೆ ಅಂತ ತಲೆಗೆ ದಿನಕ್ಕೆ 3 ಲೀಟರ್, ನಾಲ್ಕು ಜನ, ಮೂರು ದಿನ: 36 ಲೀಟರ್, ಅಂದರೆ 36 ಕೆ.ಜಿ. ಕೂಸನ್ನು ಎತ್ತಿಕೊಂಡವರು ಅದನ್ನು ಹೊರೋದುಂಟಾ? ತಲೆಗೆ ಎರಡು ಲೀಟರ್ ಬಾಟಲಿ, ಜೊತೆಗೆ ಒಂದು ಪಟ್ಟಿ ಕ್ಲೋರಿನ್ ಮಾತ್ರೆ, ಒಂದು ಮುಚ್ಚಳದ ಕ್ಯಾನ್. ಅಷ್ಟೇ.

ಊಟಕ್ಕೆ ಬೇಯಿಸೋ ಸಾಮಾನು ಬೇಡ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಅವಲಕ್ಕಿ, ಬೆಲ್ಲ. ಖಡಕ್ ರೊಟ್ಟಿಗಿಂತ ಒಳ್ಳೆ ತುರ್ತು ಆಹಾರ ಯಾವ ಕಂಪನಿಯೂ ಮಾಡಿಲ್ಲ, ಆದರೆ ತೇವ ತಾಗಿದರೆ ಬೂಸ್ಟು ಬರುತ್ತೆ. ಗಾಳಿಯಾಡದ ಡಬ್ಬಿಯಲ್ಲಿಡಿ. ಔಷಧಿ ಮಾತ್ರ ಮೂರು ದಿನಕ್ಕಲ್ಲ, ವಾರಕ್ಕೆ ಇರಲಿ. ಬಿಪಿ, ಸಕ್ಕರೆ, ಫಿಟ್ಸ್ ಮಾತ್ರೆ ತಪ್ಪಬಾರದು. ಮಾತ್ರೆಯ ಚೀಟಿಯ ಫೋಟೊ ಫೋನಿನಲ್ಲೂ ಇರಲಿ. ಸ್ಯಾನಿಟರಿ ಪ್ಯಾಡ್ ಪಟ್ಟಿಯಲ್ಲಿ ಮರೆತುಹೋಗೋ ಮೊದಲ ಸಾಮಾನು, ದಯವಿಟ್ಟು ಬರೆಸಿ. ಹಣ 10, 20, 50, 100ರ ನೋಟಿನಲ್ಲಿ, ಟವರ್ ಹೋದರೆ ಯುಪಿಐ ಇಲ್ಲ.

ಆಧಾರ್, ಪಡಿತರ ಚೀಟಿ, ಪಾಸ್‌ಬುಕ್, ಪಹಣಿ, ದನದ ವಿಮೆ ಕಾಗದಗಳನ್ನು ಜಿಪ್ ಕವರಿಗೆ ಹಾಕಿ, ಆ ಕವರನ್ನು ಇನ್ನೊಂದು ಕವರಿಗೆ ಹಾಕಿ. ದನದ ಕಿವಿಯೋಲೆಯ 12 ಅಂಕಿಯ ನಂಬರನ್ನು ಬರೆದಿಟ್ಟುಕೊಳ್ಳಿ. ಮನೆ, ಕೊಟ್ಟಿಗೆ, ದನ ಪ್ರತಿಯೊಂದರ ಫೋಟೊ ಈಗಲೇ ತೆಗೆದಿಡಿ. ಪಂಚನಾಮೆ ಹೊತ್ತಿಗೆ ‘ಮುಂಚೆ ಹೇಗಿತ್ತು’ ಅಂತ ತೋರಿಸೋಕೆ ಬೇರೆ ದಾರಿ ಇರಲ್ಲ. 2022-26ರ ಪರಿಹಾರ ಮಾನದಂಡದಲ್ಲಿ ಹಾಲು ಕೊಡೋ ಎಮ್ಮೆ, ಆಕಳಿಗೆ 37,500 ರೂಪಾಯಿ ಇತ್ತು. ಸತ್ತ ದನವನ್ನು ದಾಖಲಿಸದೆ ಹೂತರೆ ಅದು ಕೈಗೆ ಬರೋದು ಕಷ್ಟ. ನೀರು ಏರುವಾಗ ದನ ಹೊಡೆದುಕೊಂಡು ಹೋಗೋಕೆ ಆಗದಿದ್ದರೆ ಕಡೇಪಕ್ಷ ಹಗ್ಗ ಬಿಚ್ಚಿ ಬಿಡಿ.

ಶೆಲ್ಟರ್ ಇನ್ ಪ್ಲೇಸ್ ಅಂದರೆ ಇದ್ದಲ್ಲೇ ಬಾಗಿಲು ಹಾಕಿಕೊಂಡು ಇರೋದು. ಚಂಡಮಾರುತಕ್ಕೆ, ಕಾರ್ಖಾನೆಯ ಅನಿಲ ಸೋರಿಕೆಗೆ ಸರಿ. ಹೊಳೆಯ ನೆರೆಗೆ ಅದು ಸಲಹೆ ಅಲ್ಲ. ದಾರಿ ಮುಚ್ಚಿದ ಮೇಲೆ ಉಳಿಯೋದು ಮಹಡಿ ಹತ್ತೋದೊಂದೇ, ಅದೂ ಆರ್‌ಸಿಸಿ ಮನೆಯಾದರೆ. ಮಣ್ಣಿನ ಗೋಡೆ ಮನೆಯಲ್ಲಿ ಮಾಳಿಗೆ ಹತ್ತಿ ಕೂರಬಾರದು, ಬುಡ ನೆನೆದರೆ ಗೋಡೆ ಕೂರುತ್ತೆ. ನೀರು ಇಳಿದ ಮೇಲೆ, ಬಿಸಿಲು ಬಿದ್ದಾಗಲೂ ಬೀಳುತ್ತೆ. ಹಾಗಾಗಿ ‘ನೀರು ಇಳೀತು’ ಅನ್ನೋದು ವಾಪಸ್ ಮಲಗೋಕೆ ಪರವಾನಗಿ ಅಲ್ಲ.

ತ್ರೀಫೇಸ್

ಕರೆಂಟಿನ ಬಗ್ಗೆ ಯಾರೂ ಹೇಳಿಲ್ಲ. ಮೇನ್ ಸ್ವಿಚ್ ಆಫ್ ಮಾಡುವುದು ನೀರು ಹೊಸ್ತಿಲು ಮುಟ್ಟುವ ಮುಂಚೆ, ಒಣಗಿದ ನೆಲದ ಮೇಲೆ ನಿಂತು. ಕಾಲು ನೀರಿನಲ್ಲಿದ್ದರೆ ಬೋರ್ಡ್ ಮುಟ್ಟಬೇಡಿ, ವಿದ್ಯುತ್ ಸಹಾಯವಾಣಿ 1912ಕ್ಕೋ ಸೆಕ್ಷನ್ ಆಫೀಸಿಗೋ ಹೇಳಿ ಟ್ರಾನ್ಸ್‌ಫಾರ್ಮರ್‌ನಲ್ಲೇ ತೆಗೆಸಿ. ಎಲ್ಲರೂ ತಪ್ಪುವ ಜಾಗ ಇನ್ವರ್ಟರ್: ಮೇನ್ ತೆಗೆದ ಕೂಡಲೇ ಅದು ತಾನೇ ಚಾಲೂ ಆಗಿ ಮನೆಯ ವೈರಿಗೆ 230 ವೋಲ್ಟ್ ಕೊಡುತ್ತದೆ. ಅದರ ಸ್ವಿಚ್ ಬೇರೆ ಆಫ್ ಮಾಡಿ, ಬ್ಯಾಟರಿಯ ಒಂದು ವೈರ್ ಬಿಚ್ಚಿ. ಜನರೇಟರನ್ನು ಮನೆಯ ಪ್ಲಗ್ಗಿಗೆ ಚುಚ್ಚಿ ಓಡಿಸಬೇಡಿ, ಸಪ್ಲೈ ಉಲ್ಟಾ ಹೋಗಿ ಲೈನ್ ಮೇಲೆ ಕೆಲಸ ಮಾಡುತ್ತಿರುವವನನ್ನು ಹೊಡೆಯುತ್ತದೆ.

ನದಿ ಪಂಪ್‌ಸೆಟ್ಟು ಎತ್ತುವುದು ನಿಮ್ಮ ಪಟ್ಟಿಯ ಮೊದಲ ಕೆಲಸ ಆಗಬೇಕು, ಕಡೆಯದಲ್ಲ. ನೀರು ಏರಲು ಶುರುವಾದ ಮೇಲೆ ರಾತ್ರಿ ಮೋಟರ್ ಬಿಚ್ಚಲು ಇಳಿಯುವುದು ಆತ್ಮಹತ್ಯೆಗೆ ಸಮ. ಮುಳುಗಿದ ಮೋಟರನ್ನು ಒಣಗಿಸಿ, ಮೆಗ್ಗರ್ (ಇನ್ಸುಲೇಶನ್ ಪರೀಕ್ಷಿಸುವ ಮೀಟರ್) ಹಾಕಿ ನೋಡದೆ ಚಾಲೂ ಮಾಡಿದರೆ ವೈಂಡಿಂಗ್ ಸುಡುತ್ತದೆ. ಗ್ಯಾಸ್ ಸಿಲಿಂಡರ್ ರೆಗ್ಯುಲೇಟರ್ ತೆಗೆದು, ಸೇಫ್ಟಿ ಕ್ಯಾಪ್ ಹಾಕಿ, ಕಿಟಕಿ ಸರಳಿಗೆ ಕಟ್ಟಿ. ಅದು ತೇಲುತ್ತದೆ.

ಪವರ್ ಬ್ಯಾಂಕ್ ಕೊಳ್ಳುವಾಗ ಡಬ್ಬಿ ಮೇಲಿನ 10,000 ಎಂಎಎಚ್ ನೋಡಬೇಡಿ. ಅದು ಒಳಗಿನ 3.7 ವೋಲ್ಟ್ ಸೆಲ್ಲಿನ ಲೆಕ್ಕ, 37 ವ್ಯಾಟ್ ಅವರ್. 5 ವೋಲ್ಟಿಗೆ ಏರಿಸುವಾಗ ನಷ್ಟವಾಗಿ ಕೈಗೆ ಸಿಗುವುದು 6,000 ಚಿಲ್ಲರೆ. ಹಿಂಬದಿಯ ಸಣ್ಣ ಅಕ್ಷರದಲ್ಲಿ ‘ರೇಟೆಡ್ ಕೆಪಾಸಿಟಿ’ ಅಂತ ಇರುತ್ತದೆ, ಅದೇ ನಿಜ. ಈಗಿನ 5,000ದ ಫೋನು ಒಂದು ಸಲ ಪೂರ್ತಿ ತುಂಬಿ ಸ್ವಲ್ಪ ಮಿಗುತ್ತದೆ, ಎರಡು ಸಲ ಅಲ್ಲ. ಟಾರ್ಚಿಗೆ ಐಪಿ 67 ಅಂತ ಇದ್ದರೆ 1 ಮೀಟರ್ ನೀರಿನಲ್ಲಿ 30 ನಿಮಿಷ ತಡೆಯುತ್ತದೆ. ಐಪಿಎಕ್ಸ್ 4 ಅಂದರೆ ಎರಚಲು ಮಾತ್ರ.

ಹೊಳೆದಂಡಿ

ಬಾಳ ಉಪಯೋಗ ಆತ್ರಿ. ಇನ್ನೊಂದು: ಪೂರ ಇಳದ ಮ್ಯಾಲ ಬಾವಿಗೆ ಬ್ಲೀಚಿಂಗ್ ಪೌಡರ್ ಚೆಲ್ಲತಾರಲ್ಲ, ಅದು ಎಷ್ಟು ಹಾಕಬೇಕು? ಒಬ್ಬೊಬ್ಬರು ಒಂದೊಂದು ಹೇಳ್ತಾರ.

ಸಿಸ್ಟರ್

ಚೆಲ್ಲುವುದೇ ತಪ್ಪು ಅಣ್ಣಾ. ಪುಡಿಯನ್ನು ಹಾಗೇ ಎರಚಿದರೆ ಸುಣ್ಣ ತಳಕ್ಕೆ ಕೂರುತ್ತದೆ, ಕ್ಲೋರಿನ್ ಎಲ್ಲ ಕಡೆ ಬೆರೆಯುವುದಿಲ್ಲ.

ಮೊದಲು ಬಾವಿಯ ನೀರಿನ ಲೆಕ್ಕ. ವ್ಯಾಸವನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, 0.785ರಿಂದ ಗುಣಿಸಿದರೆ ಘನ ಮೀಟರ್, ಅದನ್ನು ಸಾವಿರದಿಂದ ಗುಣಿಸಿದರೆ ಲೀಟರ್. 2 ಮೀಟರ್ ಅಗಲ, 5 ಮೀಟರ್ ನೀರಿದ್ದರೆ 15,700 ಲೀಟರ್. ಸಾಮಾನ್ಯ ಪ್ರಮಾಣ 1,000 ಲೀಟರಿಗೆ 2.5 ಗ್ರಾಂ ಒಳ್ಳೆಯ ಪುಡಿ, ಅಂದರೆ ಇಲ್ಲಿ ಸುಮಾರು 40 ಗ್ರಾಂ. ಒಳ್ಳೆಯದು ಅಂದರೆ ಹೊಸದಾಗಿ ಒಡೆದ, 33 ಶೇಕಡಾ ಕ್ಲೋರಿನ್ ಇರುವ ಪುಡಿ. ಗೋಣಿಯಲ್ಲಿ ಬಾಯಿ ಬಿಚ್ಚಿಟ್ಟು ಗಟ್ಟಿಯಾದದ್ದಕ್ಕೆ ಶಕ್ತಿ ಉಳಿದಿರುವುದಿಲ್ಲ. ಒಬ್ಬೊಬ್ಬರು ಒಂದೊಂದು ಹೇಳುವುದಕ್ಕೆ ಇದೂ ಒಂದು ಕಾರಣ.

ಪುಡಿಯನ್ನು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಸ್ವಲ್ಪ ನೀರು ಹಾಕಿ ದೋಸೆಹಿಟ್ಟಿನ ಹದಕ್ಕೆ ಕಲಸಿ, ಮುಕ್ಕಾಲು ಬಕೆಟ್ ನೀರು ತುಂಬಿಸಿ ತಿರುಗಿಸಿ. ಒಂದು ಬಕೆಟ್ಟಿಗೆ 100 ಗ್ರಾಂ ಮೀರಬಾರದು. 5–10 ನಿಮಿಷ ಬಿಟ್ಟರೆ ಸುಣ್ಣ ಕೆಳಗೆ ಇಳಿಯುತ್ತದೆ. ಮೇಲಿನ ತಿಳಿಯನ್ನು ಇನ್ನೊಂದು ಬಕೆಟ್ಟಿಗೆ ಬಗ್ಗಿಸಿ, ಹಗ್ಗ ಕಟ್ಟಿ ಬಾವಿಗೆ ಇಳಿಸಿ, ನೀರಿನೊಳಗೆ ಮೇಲೆ ಕೆಳಗೆ ಆಡಿಸಿ. ಒಂದು ಗಂಟೆ ಬಿಟ್ಟು ಕ್ಲೋರಿನ್ ಪರೀಕ್ಷೆ ಮಾಡಿಸಿ, ಲೀಟರಿಗೆ 0.5 ಮಿ.ಗ್ರಾಂ ಉಳಿದಿರಬೇಕು. ಸೊನ್ನೆ ಬಂದರೆ ಮತ್ತೆ ಹಾಕಬೇಕು. ಮೂಗಿಗೆ ಬಟ್ಟೆ, ಕೈಗೆ ಗ್ಲೌಸ್ ಇರಲಿ. ಟಾಯ್ಲೆಟ್ ತೊಳೆಯುವ ಆಸಿಡ್ ಇದ್ದ ಬಕೆಟ್ ಬಳಸಬೇಡಿ, ವಿಷಾನಿಲ ಏಳುತ್ತದೆ.

ಆದರೆ ನೆರೆ ನೀರು ಕಟ್ಟೆ ಹತ್ತಿ ಬಾವಿಯೊಳಗೆ ಇಳಿದಿದ್ದರೆ ಈ 40 ಗ್ರಾಂ ಸಾಲದು. ಕೆಸರು ನೀರು ಪಂಪ್ ಮಾಡಿ ಖಾಲಿ ಮಾಡಿ, ತಳದ ಹೂಳು ತೆಗೆದು, ಆಮೇಲೆ ಆರೋಗ್ಯ ಇಲಾಖೆಯವರ ಎದುರಲ್ಲೇ ಹೆಚ್ಚಿನ ಪ್ರಮಾಣ ಹಾಕಿಸಬೇಕು. ಮಣ್ಣು ಕ್ಲೋರಿನ್ನನ್ನು ತಿಂದುಬಿಡುತ್ತದೆ. ಕೀಟನಾಶಕ ಬಿದ್ದಿದ್ದರೆ ಕ್ಲೋರಿನ್ನೂ ಇಲ್ಲ, ಕುದಿಸುವುದೂ ಇಲ್ಲ, ಎರಡೂ ಅದನ್ನು ತೆಗೆಯುವುದಿಲ್ಲ. ಆದ್ದರಿಂದ ಮನೆ ಬಿಡುವ ಮುಂಚೆ ಔಷಧಿ ಡಬ್ಬಿಗಳನ್ನು ಅಟ್ಟಕ್ಕೆ ಏರಿಸಿ.

ಕುಡಿಯುವ ನೀರಿಗೆ: ಬಟ್ಟೆಯಲ್ಲಿ ಸೋಸಿ, ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ. ಕ್ಲೋರಿನ್ ಮಾತ್ರೆಯಾದರೆ ಅರ್ಧ ಗಂಟೆ ಕಾಯಿರಿ. ಒಂದು ಲೀಟರಿನದೂ ಇದೆ, 20 ಲೀಟರಿನದೂ ಇದೆ, ಪಟ್ಟಿಯ ಹಿಂದೆ ಓದದೆ ಹಾಕಬೇಡಿ. ಭೇದಿಗೆ ಓಆರ್‌ಎಸ್ ದೊಡ್ಡ ಪೊಟ್ಟಣ ಪೂರ್ತಿ ಒಂದು ಲೀಟರಿಗೆ, ಸಣ್ಣದು 200 ಮಿ.ಲೀ.ಗೆ. ಲೋಟಕ್ಕೆ ಒಂದು ಚಮಚ ಅಂತ ಅಂದಾಜಿಗೆ ಕಲಸಿದರೆ ಉಪ್ಪು ಹೆಚ್ಚೋ ಕಡಿಮೆಯೋ ಆಗಿ ಮಗುವಿಗೆ ತೊಂದರೆ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು, ಚಮಚ ಗೋಪುರ ಕಟ್ಟದೆ ಸಮ ಇರಲಿ. 24 ಗಂಟೆ ಕಳೆದರೆ ಚೆಲ್ಲಿ. ಅಂಗಡಿಯ ಸಿಹಿ ಜ್ಯೂಸ್ ಡಬ್ಬಿ ಇದಕ್ಕೆ ಬದಲಿ ಅಲ್ಲ, ಸಕ್ಕರೆ ಹೆಚ್ಚಾಗಿ ಭೇದಿ ಇನ್ನೂ ಜಾಸ್ತಿಯಾಗುತ್ತದೆ.

ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ. ಕೈಕಾಲು ಅಲ್ಲಾಡದಂತೆ ಹಿಡಿದು, ವಿಷಪ್ರತಿರೋಧಕ ಇರುವ ಆಸ್ಪತ್ರೆಗೆ ಒಯ್ಯಿರಿ. ಎಲ್ಲಿದೆ ಅನ್ನುವುದನ್ನು ಈಗಲೇ ಕೇಳಿ ಫಲಕದಲ್ಲಿ ಬರೆಸಿ.

ಧರೆಬದಿ

ಚಿಕ್ಕೋಡಿಯವರಿಗೆ ಇದು ಬೇಡ, ಇಲ್ಲಿ ಓದುವ ಮಲೆನಾಡು, ಕೊಡಗಿನವರಿಗಾಗಿ ಎರಡು ಮಾತು. ನಮ್ಮ ಕಡೆ ಅಪಾಯಕ್ಕೆ ಕ್ಯೂಸೆಕ್ ಇಲ್ಲ, ಧರೆ (ಕಡಿದಾದ ಮಣ್ಣಿನ ದಿಬ್ಬ) ಇದೆ. ಒಂದು ದಿನದ ಮಳೆಗಿಂತ ಹಿಂದಿನ ವಾರಗಳ ಮಳೆ ಸೇರಿ ಮಣ್ಣು ಎಷ್ಟು ನೆನೆದಿದೆ ಅನ್ನುವುದು ಮುಖ್ಯ. ಗುಡ್ಡದಲ್ಲಿ ಹೊಸ ಬಿರುಕು ಕಂಡರೆ ಎರಡು ಬದಿಗೂ ಗೂಟ ಹೊಡೆದು ಟೇಪಿನಲ್ಲಿ ದಿನಕ್ಕೆರಡು ಸಲ ಅಳೆಯಿರಿ. ಅಂತರ ಹೆಚ್ಚುತ್ತಿದ್ದರೆ ಕಾಯುವಂತಿಲ್ಲ. ಬಿರುಕಿಗೆ ಜೇಡಿ ತುಂಬಿ ಮೇಲೆ ಟಾರ್ಪಾಲು ಹಾಕಿದರೆ ನೀರು ಇಳಿಯುವುದು ಕಡಿಮೆಯಾಗುತ್ತದೆ, ಅದು ದುರಸ್ತಿ ಅಲ್ಲ. ಹಳ್ಳದ ನೀರು ಇದ್ದಕ್ಕಿದ್ದಂತೆ ಕೆಂಪಾದರೆ ಅಥವಾ ಜೋರು ಮಳೆಯಲ್ಲೂ ಕಮ್ಮಿಯಾದರೆ ಮೇಲೆಲ್ಲೋ ಮಣ್ಣು ಕಟ್ಟಿಕೊಂಡಿದೆ, ಒಡೆದು ಬರುತ್ತದೆ. ಓಡುವುದು ಹಳ್ಳದ ದಾರಿಯಲ್ಲಿ ಕೆಳಕ್ಕಲ್ಲ, ಅಡ್ಡಕ್ಕೆ, ಎತ್ತರದ ಬದಿಗೆ. ಧರೆ ಕಡಿದು ಕಟ್ಟಿದ ಮನೆಯಲ್ಲಿ ಧರೆ ಬದಿಯ ಕೋಣೆಯಲ್ಲಿ ಮಳೆಗಾಲದ ರಾತ್ರಿ ಮಲಗಬೇಡಿ.

ಮಳೆಮಾಪಕ

ಫಲಕದ ಮಾತಿಗೆ ಬರೋಣ. ಪದದ ಅರ್ಥ ಬರೆದರೆ ಯಾರೂ ಓದುವುದಿಲ್ಲ. ಪದದ ಮುಂದೆ ಕೆಲಸ ಬರೆಸಿ:

ಸಾತಾರಾ, ಕೊಲ್ಹಾಪುರಕ್ಕೆ ಮಳೆ ಆರೆಂಜ್ – ಪಂಪ್‌ಸೆಟ್ ಎತ್ತಿ, ಚೀಲ ಕಟ್ಟಿ, ಪವರ್ ಬ್ಯಾಂಕ್ ತುಂಬಿಸಿ.
ಸಾಂಗ್ಲಿ 40 ಅಡಿ ಅಥವಾ ರಾಜಾರಾಮ 39 ಅಡಿ – ದನ, ವಯಸ್ಸಾದವರು, ಗರ್ಭಿಣಿ, ಬಾಣಂತಿ ಹೊರಡಲಿ.
ಕಲ್ಲೋಳದಲ್ಲಿ (ನಿಮ್ಮ ಅಂಕಿ) ಕ್ಯೂಸೆಕ್, ಅಥವಾ ಕಂಬದಲ್ಲಿ 60 ಸೆಂ.ಮೀ. ಬಾಕಿ – ಎಲ್ಲರೂ ಹೊರಡಿ, ಮೇನ್ ಮತ್ತು ಇನ್ವರ್ಟರ್ ಆಫ್.
ಮೋರಿ ಮುಳುಗಿದೆ – ದಾಟಬೇಡಿ, ಆರ್‌ಸಿಸಿ ಮಹಡಿ ಹತ್ತಿ, ತುರ್ತು ನಂಬರ್ 112ಕ್ಕೆ ಕರೆ ಮಾಡಿ.

‘ಹೈ ಅಲರ್ಟ್’ ಅನ್ನುವುದಕ್ಕೆ ಹವಾಮಾನ ಇಲಾಖೆಯಲ್ಲೂ ಜಲ ಆಯೋಗದಲ್ಲೂ ಅಳತೆ ಇಲ್ಲ, ಅದು ಸುದ್ದಿವಾಹಿನಿಗಳ ಮಾತು. ಫಲಕದಲ್ಲಿ ಬೇಡ.

ಓವರ್ಸಿಯರ್

ಫಲಕವನ್ನು 2019ರ ನೀರಿನ ಗುರುತಿಗಿಂತ ಮೇಲೆ ಬರೆಸಿ. ಕೆಳಗೆ ಬರೆಸಿದರೆ ಬೇಕಾದ ದಿನವೇ ಅದು ನೀರಿನೊಳಗೆ ಇರುತ್ತದೆ.

ಕಾಳಜಿಕೇಂದ್ರ

ಸೈರನ್ ಮತ್ತು ಫೋನ್ ಎಚ್ಚರಿಕೆ ಉಳೀತು. 2025ರ ಮೇ 7ರ ದೇಶವ್ಯಾಪಿ ಅಣಕು ಪ್ರದರ್ಶನದ ಸೈರನ್ ನಾಗರಿಕ ರಕ್ಷಣೆಯದು. ಅದರಲ್ಲಿ ಏರಿಳಿಯೋ ಸದ್ದು ಅಪಾಯ, ಒಂದೇ ಸಮನೆ ಕೂಗಿದರೆ ಅಪಾಯ ಮುಗೀತು ಅಂತ. ಡ್ಯಾಮ್, ಬ್ಯಾರೇಜಿನ ಸೈರನ್ ಅದೇ ಕ್ರಮದಲ್ಲಿ ಇರುತ್ತೆ ಅಂತ ತಿಳಿಯಬೇಡಿ, ನೀರಾವರಿ ಇಲಾಖೆಯವರನ್ನು ಕೇಳಿ ಬರೆಸಿ. 2023ರಲ್ಲಿ ಪರೀಕ್ಷೆ ಮಾಡಿದ ಸೆಲ್ ಬ್ರಾಡ್‌ಕಾಸ್ಟ್ ಎಚ್ಚರಿಕೆ ಟವರಿನಿಂದ ನೇರ ಬರುತ್ತೆ, ಇಂಟರ್‌ನೆಟ್ ಬೇಡ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ವೈರ್‌ಲೆಸ್ ಎಮರ್ಜೆನ್ಸಿ ಅಲರ್ಟ್ಸ್ ಆಫ್ ಆಗಿದ್ದರೆ ಆನ್ ಮಾಡಿಸಿ, ಸದ್ದಿಗೆ ಹೆದರಿ ತುಂಬಾ ಜನ ಆಫ್ ಮಾಡಿಟ್ಟಿರ್ತಾರೆ.

ಕರೆ ಮಾಡಿದಾಗ ‘ಬೇಗ ಬನ್ನಿ’ ಅಂದರೆ ಆಗಲ್ಲ. ಊರು, ಗುರುತಿನ ಜಾಗ, ಎಷ್ಟು ಜನ, ಅದರಲ್ಲಿ ನಡೆಯಲಾರದವರು ಎಷ್ಟು, ಯಾವ ಮಹಡಿ, ನೀರು ಎಷ್ಟು ಆಳ, ಈ ಕ್ರಮದಲ್ಲಿ ಹೇಳಿ. ದೋಣಿ ಎಷ್ಟು ಬೇಕು ಅಂತ ಅವರು ನಿರ್ಧರಿಸೋದು ಇದರ ಮೇಲೇ.

ಹೊಳೆದಂಡಿ

1077 ಅಂತನೂ ಬರಸ್ತೀವ್ರಿ. ಮಿರಜದಾಗ, ಪುಣೆದಾಗ ದುಡಿಯೋ ನಮ್ಮ ಹುಡುಗರು ಅಲ್ಲಿಂದ ಹಚ್ಚಿದ್ರೂ ಬೆಳಗಾವಿಗೇ ಹೋಗ್ತದೇನು?

ಕ್ಯೂಸೆಕ್‌ಲೆಕ್ಕ

ಇಲ್ರಿ. 1077 ಜಿಲ್ಲಾ ಕಂಟ್ರೋಲ್ ರೂಮಿನ ನಂಬರು, ಹೊರಗಿನಿಂದ ಬರೇ ಅಷ್ಟೇ ಹಚ್ಚಿದ್ರ ಅವರಿದ್ದ ಜಿಲ್ಲೆಗೆ ಹೋಗ್ತದ. ಮುಂದ ಎಸ್‌ಟಿಡಿ ಕೋಡ್ ಹಚ್ಚಬೇಕು. ಫಲಕದಾಗ 0831-1077 ಅಂತನೇ ಬರಸ್ರಿ, ಬರಸೋಕಿಂತ ಮೊದಲು ಒಮ್ಮೆ ಪುಣೆದವರ ಫೋನಿನಿಂದ ಹಚ್ಚಿ ನೋಡಸ್ರಿ.